ಕಳಿಸಿಕೊಡೋದು, ಕರೆಸಿಕೊಳ್ಳೋದು

ಕಳಿಸಿ ಅಕ್ಕ ಹುಡುಗನ್ನ, ಸ್ಕೂಲಿನ ಎಕ್ಸ್‌ಚೇಂಜಿಗೆ. ಭಾವ ಒಪ್ತಾ ಇಲ್ಲ, ಹುಡುಗ ಮುಖ ಊದಿಸ್ಕೊಂಡು ಕೂತಿದಾನೆ ಅಂತ ನಿನ್ನೆ ಹೇಳಿದ್ರಲ್ಲ, ಆಗಿಂದ ನನಗೂ ಅದೇ ಯೋಚನೆ. ಬನ್ನಿ, ಈ ಕಡೆ ನೆರಳಿದೆ, ಇಲ್ಲೇ ನಿಂತ್ಕೊಳ್ಳಿ. ನಮ್ಮ ಹುಡುಗಿ ಜರ್ಮನಿಯಿಂದ ವಾಪಸ್ ಬಂದಾಗ ಬೀದಿಯವರೆಲ್ಲ ಕೇಳಿದ್ದು ಒಂದೇ, ಏನೇನು ನೋಡ್ದೆ, ಏನೇನು ತಂದೆ ಅಂತ. ಅವಳು ಚಾಕೊಲೇಟ್ ಹಂಚಿದ್ಲು, ಮೊಬೈಲಲ್ಲಿ ಫೋಟೊ ತೋರಿಸಿದ್ಲು, ಅಲ್ಲಿಗೆ ಮಾತು ಮುಗೀತು. ಆಮೇಲೆ ರಾತ್ರಿ ಹೊತ್ತು ನನ್ನ ಪಕ್ಕ ಮಲಗಿಕೊಂಡು ಬಿಡಿಬಿಡಿಯಾಗಿ ಹೇಳಿದ್ಲಲ್ಲ, ಅದರಲ್ಲಿ ಒಂದೂ ಆ ಫೋಟೊಗಳಲ್ಲಿ ಇರಲಿಲ್ಲ.

ಈ ಎಕ್ಸ್‌ಚೇಂಜ್ ಟೂರ್ ಅಲ್ಲ ಅನ್ನೋದನ್ನ ಮೊದಲು ಭಾವನಿಗೆ ಹೇಳಿ. ಹೋಟೆಲ್ ಇಲ್ಲ, ಗೈಡ್ ಇಲ್ಲ. ಅಲ್ಲಿಯ ಸ್ಕೂಲಿನ ಒಂದು ಮಗುವಿನ ಮನೆಯಲ್ಲಿ ಮನೆಯವರ ಹಾಗೇ ಇರಬೇಕು. ಅವರು ಎದ್ದಾಗ ಏಳಬೇಕು, ಅವರ ಜೊತೆ ತಿನ್ನಬೇಕು, ಬೆಳಿಗ್ಗೆ ಎಂಟರೊಳಗೆ ಸ್ಕೂಲಲ್ಲಿರಬೇಕು. ಆಮೇಲೆ ಆ ಮಗು ಇಲ್ಲಿಗೆ ಬಂದು ನಮ್ಮನೇಲಿ ಹಾಗೇ ಇರುತ್ತೆ. ಜನ ಮೊದಲನೇ ಅರ್ಧಕ್ಕೆ ಆಸೆ ಪಡ್ತಾರೆ, ಎರಡನೇ ಅರ್ಧ ಬಂದಾಗ ಜಾಗ ಇಲ್ಲ, ಅಡುಗೆ ಆಗಲ್ಲ ಅಂತಾರೆ. ನನ್ನ ಕೇಳಿದ್ರೆ ದೊಡ್ಡದು ಎರಡನೇ ಅರ್ಧವೇ. ಅದಕ್ಕೆ ಆಮೇಲೆ ಬರ್ತೀನಿ.

ಅವಳಿದ್ದಿದ್ದು ಟ್ಯೂಬಿಂಗನ್ ಅನ್ನೋ ಊರಲ್ಲಿ. ಸ್ಟುಟ್‌ಗಾರ್ಟಿಗೆ ದಕ್ಷಿಣಕ್ಕೆ, ನೆಕ್ಕರ್ ನದಿ ದಡದಲ್ಲಿ. 1477ರಲ್ಲಿ ಶುರುವಾದ ಯೂನಿವರ್ಸಿಟಿ ಇದೆ, ಊರಿಗೂರೇ ಓದೋ ಹುಡುಗರಿಂದ ತುಂಬಿದೆ. ನಮ್ಮ ಕಿಟೆಲ್ ಸಾಹೇಬರು ಗೊತ್ತಲ್ಲ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಂದ ಬಂದ ಆ ದಪ್ಪ ಕನ್ನಡ ನಿಘಂಟು ಮಾಡಿದವರು? ಅವರು 1903ರಲ್ಲಿ ತೀರಿಕೊಂಡಿದ್ದು ಇದೇ ಊರಲ್ಲಿ. ನಮ್ಮವಳು ಇದನ್ನ ತಾನಿದ್ದ ಮನೆಯ ಊಟದ ಮೇಜಿನಲ್ಲಿ ಹೇಳಿದಾಗ ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ನಮ್ಮೂರಲ್ಲಿ ಸತ್ತ ಮನುಷ್ಯ ನಿಮ್ಮ ಭಾಷೆಯ ಎಪ್ಪತ್ತು ಸಾವಿರ ಪದ ಕೂಡಿಸಿಟ್ಟಿದ್ದಾರಾ ಅಂತ ಆ ಮನೆ ಯಜಮಾನರು ಎದ್ದು ಕಂಪ್ಯೂಟರ್ ತಂದರಂತೆ. ಆವತ್ತು ಎಲ್ಲರೂ ಕೂತು ನಿಘಂಟಿನ ಪುಟಗಳನ್ನ ನೋಡಿದ್ರಂತೆ. ಇಲ್ಲಿಂದ ಹೊರಡೋವಾಗ ನಮ್ಮ ಹುಡುಗಿ ಅಂದ್ಕೊಂಡಿದ್ದು ತಾನು ಬರೀ ಕಲಿಯೋಕೆ ಹೋಗ್ತಿದೀನಿ ಅಂತ. ತನ್ನ ಹತ್ರಾನೂ ಕೊಡೋಕೆ ಏನೋ ಇದೆ ಅಂತ ಅವಳಿಗೆ ಗೊತ್ತಾಗಿದ್ದು ಆ ರಾತ್ರಿ.

ಊಟದ ಚಿಂತೆ ನಿಮಗೆ ಇದ್ದೇ ಇರುತ್ತೆ. ನಾವು ಫಾರ್ಮಿನಲ್ಲೇ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ ಅಂತ ಬರೆದಿದ್ವಿ, ನೀವೂ ಸ್ಪಷ್ಟವಾಗಿ ಬರೀರಿ. ಆ ಕಡೆಯವರು ಬೇಳೆ ತಿಂತಾರೆ ಅಕ್ಕ, ನಾನು ನಂಬಲೇ ಇಲ್ಲ. ಕಂದು ಮಸೂರ ಬೇಯಿಸಿ, ಸ್ವಲ್ಪ ವಿನಿಗರ್ ಹುಳಿ ಬಿಟ್ಟು, ಮೊಟ್ಟೆ ಹಾಕಿ ಮಾಡಿದ ಶಾವಿಗೆ ಥರದ್ದರ ಜೊತೆ ತಿಂತಾರಂತೆ. ಇವಳಿಗೆ ಆ ಶಾವಿಗೆ ಬದಲು ಆಲೂಗಡ್ಡೆ ಬೇಯಿಸಿ ಕೊಟ್ಟಿದಾರೆ. ಇನ್ನೊಂದು, ಮೌಲ್ಟಾಷನ್ ಅಂತ, ನಮ್ಮ ಕಡುಬಿನ ಹಾಗೆ ಹಿಟ್ಟಿನೊಳಗೆ ಹೂರಣ ತುಂಬಿದ್ದು. ಉಪವಾಸದ ದಿನಗಳಲ್ಲಿ ದೇವರಿಗೆ ಕಾಣದಿರಲಿ ಅಂತ ಸನ್ಯಾಸಿಗಳು ಮಾಂಸವನ್ನ ಹಿಟ್ಟಿನೊಳಗೆ ಬಚ್ಚಿಟ್ಟರು ಅಂತ ಆ ಕಡೆ ಕಥೆ ಹೇಳ್ತಾರೆ. ಹೂರಣದೊಳಗೇನಿದೆ ಅಂತ ಕೇಳದೆ ತಿನ್ನಬೇಡ ಅಂತ ನಿಮ್ಮ ಹುಡುಗನಿಗೆ ಹೇಳಿ, ಸೊಪ್ಪಿಂದೂ ಮಾಡ್ತಾರೆ, ಅದರ ಹಿಟ್ಟಿಗೂ ಮೊಟ್ಟೆ ಹಾಕಿರ್ತಾರೆ. ಸಂಜೆ ಮಾತ್ರ ಒಲೆ ಹಚ್ಚೋದೇ ಕಡಿಮೆ. ಬ್ರೆಡ್ಡು, ಬೆಣ್ಣೆ, ಚೀಸು, ಸೌತೆಕಾಯಿ, ಮೂಲಂಗಿ, ಅಷ್ಟೇ.

ಊಟಕ್ಕಿಂತ ಕಷ್ಟ ಆಗಿದ್ದು ಬೇರೆ. ಮೊದಲನೇ ಸಂಜೆ ಆ ಮನೆಯ ತಾಯಿ ಇನ್ನೊಂದು ಬ್ರೆಡ್ ಬೇಕಾ ಅಂತ ಕೇಳಿದ್ರು. ನಮ್ಮವಳು ಬೇಡ ಅಂದ್ಲು. ನಾವು ಬೆಳೆಸಿರೋದೇ ಹಾಗಲ್ವಾ, ಪರರ ಮನೇಲಿ ಕೇಳಿದ ಕೂಡ್ಲೆ ಹೂಂ ಅನ್ನಬಾರದು ಅಂತ. ನಮ್ಮಲ್ಲಾದ್ರೆ ಬೇಡ ಅಂದಮೇಲೇ ಬಡಿಸೋದು ಶುರುವಾಗೋದು. ಅಲ್ಲಿ ತಟ್ಟೆ ತೆಗೆದಿಟ್ಟೇಬಿಟ್ರು. ರಾತ್ರಿ ಇವಳು ಸೂಟ್‌ಕೇಸಿಂದ ಕೋಡುಬಳೆ ತೆಗೆದು ತಿಂದಿದಾಳೆ. ಅವರಿಗೆ ಪ್ರೀತಿ ಕಡಿಮೆ ಅಂತಲ್ಲ ಅಕ್ಕ. ಮಗು ಬೇಡ ಅಂದರೆ ಅದಕ್ಕೆ ಬೇಡ, ಅದರ ಮಾತಿಗೆ ಬೆಲೆ ಕೊಡಬೇಕು, ಅಷ್ಟೇ ಅವರ ಲೆಕ್ಕ. ಹಸಿವಾಗಿದೆ ಅಂತ ಬಾಯಿಬಿಟ್ಟು ಹೇಳೋದನ್ನ ನಮ್ಮವಳು ಹದಿನೈದು ವರ್ಷಕ್ಕೆ ಅಲ್ಲಿ ಕಲಿತಳು. ನಾನು ಇವತ್ತಿಗೂ ತವರಲ್ಲಿ ಬಿಟ್ಟರೆ ಬೇರೆಲ್ಲೂ ಹೇಳಲಾರೆ. ಅದಕ್ಕೇ ಅವಳು ಕಲಿತಿದ್ದು ನನಗೆ ಸಂತೋಷ.

ಆಮೇಲೆ ಬಾಗಿಲು. ಊಟ ಮುಗಿದ ಮೇಲೆ ಒಬ್ಬೊಬ್ಬರೂ ಅವರವರ ಕೋಣೆಗೆ ಹೋಗಿ ಬಾಗಿಲು ಹಾಕ್ಕೋತಾರೆ. ಮನೆ ನಿಶ್ಶಬ್ದ. ಒಂದು ರಾತ್ರಿ ನನಗೆ ಫೋನ್ ಮಾಡಿ ಅತ್ತಳು, ಇವರಿಗೆ ನಾನು ಇಷ್ಟ ಇಲ್ವೇನೋ ಅಮ್ಮ ಅಂತ. ಕರುಳು ಕಿತ್ತು ಬಂದ ಹಾಗಾಯ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಆ ಮನೆ ಹುಡುಗಿ ಇವಳಿಗೋಸ್ಕರ ಸೈಕಲ್ ಸೀಟು ಇಳಿಸಿ, ಗಾಳಿ ಹೊಡೆದು, ಬಾಗಿಲ ಹೊರಗೆ ಕಾಯ್ತಾ ನಿಂತಿದಾಳೆ.

ಸ್ಕೂಲಿನ ವಿಷಯ ಭಾವನಿಗೆ ಹೇಳಿದ್ರೆ ಅವರಿಗೂ ಕುತೂಹಲ ಆದೀತು. ಯೂನಿಫಾರ್ಮ್ ಇಲ್ಲ. ಮಾರ್ಕ್ಸು ಒಂದರಿಂದ ಆರರವರೆಗೆ, ಒಂದು ಬಂದರೆ ಎಲ್ಲಕ್ಕಿಂತ ಒಳ್ಳೇದು, ಆರು ಬಂದರೆ ಎಲ್ಲಕ್ಕಿಂತ ಕೆಟ್ಟದ್ದು. ಕ್ಲಾಸಲ್ಲಿ ಕೈ ಎತ್ತಿ ಮಾತಾಡೋದಕ್ಕೂ ಮಾರ್ಕ್ಸ್ ಇದೆ, ಪರೀಕ್ಷೇಲಿ ಎಷ್ಟು ಚೆನ್ನಾಗಿ ಬರೆದ್ರೂ ಬಾಯಿ ಮುಚ್ಚಿಕೊಂಡು ಕೂತವರಿಗೆ ಗ್ರೇಡ್ ಇಳಿಯುತ್ತೆ. ಇತಿಹಾಸದ ಮೇಷ್ಟ್ರು ಹೇಳಿದ್ದನ್ನ ಒಬ್ಬ ಹುಡುಗ, ಇಲ್ಲ, ನನಗೆ ಹಾಗನ್ನಿಸಲ್ಲ ಅಂದನಂತೆ. ಇವಳಿಗೆ ಎದೆ ಧಸಕ್ ಅಂತು. ಮೇಷ್ಟ್ರು ಕುರ್ಚಿ ಎಳ್ಕೊಂಡು ಕೂತು, ಯಾಕೆ ಹೇಳಪ್ಪ ಅಂದ್ರಂತೆ. ಪೀರಿಯಡ್ ಪೂರ್ತಿ ಅದೇ ಚರ್ಚೆ. ಅಲ್ಲಿಯದೆಲ್ಲ ಸರಿ ಅಂತ ನಾನು ಹೇಳಲ್ಲ. ನಾಲ್ಕನೇ ಕ್ಲಾಸ್ ಮುಗಿದ ತಕ್ಷಣ, ಹತ್ತು ವರ್ಷದ ಮಕ್ಕಳನ್ನ, ಯೂನಿವರ್ಸಿಟಿ ಕಡೆ ಹೋಗೋ ಶಾಲೆಗೆ ಕೆಲವರು, ಕಸುಬಿನ ಕಡೆ ಹೋಗೋ ಶಾಲೆಗೆ ಕೆಲವರು ಅಂತ ಬೇರೆ ಮಾಡ್ತಾರೆ. ಆಮೇಲೆ ದಾರಿ ಬದಲಾಯಿಸಬಹುದು ಅಂತಾರೆ, ಆದ್ರೂ ಹತ್ತು ವರ್ಷದ ಮಗು ಏನಾಗುತ್ತೆ ಅಂತ ಯಾರು ಹೇಳಬಲ್ಲರು? ನನಗದು ಒಪ್ಪಿಗೆ ಆಗಲ್ಲ.

ಸಣ್ಣಪುಟ್ಟದ್ದು ಬೇಕಾದಷ್ಟಿದೆ. ಭಾನುವಾರ ಅಂಗಡಿ ತೆಗೆಯಲ್ಲ. ಒಂದೇ ಸಲ ಬಳಸೋ ಥರದ ಖಾಲಿ ಬಾಟ್ಲಿ ಅಂಗಡಿ ಮೆಷಿನ್ನಿಗೆ ಹಾಕಿದ್ರೆ 25 ಸೆಂಟ್ ವಾಪಸ್ ಬರುತ್ತೆ. ಒಂದೇ ಕಟ್ಟಡದಲ್ಲಿ ನಾಲ್ಕಾರು ಮನೆ ಇದ್ರೆ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸೋಕೆ ವಾರಕ್ಕೊಂದು ಮನೆಯ ಪಾಳಿ, ಆ ವಾರದ ಮನೆಯ ಬಾಗಿಲಿಗೆ ಪುಟ್ಟ ಹಲಗೆ ನೇತುಹಾಕ್ತಾರೆ. ಇವಳೂ ಪೊರಕೆ ಹಿಡಿದು ಗುಡಿಸಿದಾಳೆ.

ಇನ್ನೊಂದು ಹೇಳಲೇಬೇಕು. ಆ ದೇಶದ ಊರುಗಳಲ್ಲಿ ಮನೆಗಳ ಮುಂದೆ ನೆಲದಲ್ಲಿ ಅಂಗೈ ಅಗಲದ ಹಿತ್ತಾಳೆ ತಗಡು ಹೊದಿಸಿದ ಕಲ್ಲು ಹೂತಿರ್ತಾರೆ. ಹತ್ತು ಸೆಂಟಿಮೀಟರ್ ಚೌಕ. ಹಿಟ್ಲರನ ಕಾಲದಲ್ಲಿ ಆ ಮನೆಯಿಂದ ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದರು, ಎಲ್ಲಿ ಕೊಂದರು ಅಂತ ಅದರ ಮೇಲೆ ಕೆತ್ತಿರುತ್ತೆ. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದರು 1990ರ ದಶಕದಲ್ಲಿ ಶುರುಮಾಡಿದ್ದು, 2023ರ ಹೊತ್ತಿಗೆ ಯುರೋಪಿನಲ್ಲಿ ಒಂದು ಲಕ್ಷ ದಾಟಿದೆ. ಎಷ್ಟೋ ಕಡೆ ಶಾಲೆ ಮಕ್ಕಳೇ ಹಳೇ ದಾಖಲೆ ಹುಡುಕಿ ಆ ಹೆಸರುಗಳನ್ನ ಹೊರಗೆ ತಂದಿದಾರೆ. ಅಂಥ ಒಂದು ಕಲ್ಲಿನ ಮುಂದೆ ಆ ಜರ್ಮನ್ ಹುಡುಗಿ ನಿಂತು, ಇದನ್ನ ಮಾಡಿದವರು ನಮ್ಮವರೇ ಅಂತ ತಲೆ ತಗ್ಗಿಸದೆ, ತೇಲಿಸದೆ ಹೇಳಿದಳಂತೆ. ನಮ್ಮವರು ಮಾಡಿದ ಅನ್ಯಾಯವನ್ನ ನಮ್ಮ ಮನೆ ಬಾಗಿಲಲ್ಲೇ ಬರೆದಿಡೋ ಧೈರ್ಯ ನಮಗೆ ಬರುತ್ತಾ ಅಮ್ಮ ಅಂತ ನಮ್ಮವಳು ಕೇಳಿದ್ಲು. ಉತ್ತರ ನನ್ನ ಹತ್ರ ಇರಲಿಲ್ಲ. ಆ ಪ್ರಶ್ನೆ ಕೇಳೋ ಮಗಳನ್ನ ಆ ದೇಶ ನನಗೆ ವಾಪಸ್ ಕಳಿಸ್ತು ನೋಡಿ.

ನಮ್ಮವಳಿದ್ದ ಮನೇಲೊಬ್ಬರು ಅಜ್ಜಿ ಇದ್ರು. ಅವರು ಹುಡುಗಿಯಾಗಿದ್ದಾಗ ಹೀಗೇ ಫ್ರಾನ್ಸಿಗೆ ಹೋಗಿದ್ರಂತೆ, ಏಕ್ಸ್-ಆನ್-ಪ್ರೊವಾನ್ಸ್ ಅನ್ನೋ ಊರಿಗೆ. ಅದು 1960ರಿಂದ ಟ್ಯೂಬಿಂಗನ್ನಿಗೆ ಜೋಡಿ ಊರು. ಜರ್ಮನಿ, ಫ್ರಾನ್ಸ್ ಎರಡೂ ಎಪ್ಪತ್ತು ವರ್ಷದೊಳಗೆ ಮೂರು ಸಲ ಬಡಿದಾಡಿದ ದೇಶಗಳು. 1963ರ ಜನವರಿಯಲ್ಲಿ ಅಡೆನಾವರ್, ದ ಗಾಲ್ ಇಬ್ಬರೂ ಒಪ್ಪಂದಕ್ಕೆ ಸಹಿ ಹಾಕಿದ್ರು, ಅದೇ ವರ್ಷ ಎರಡೂ ದೇಶದ ಮಕ್ಕಳನ್ನ ಅದಲುಬದಲು ಮಾಡೋಕೆ ಅಂತಲೇ ಒಂದು ಕಚೇರಿ ತೆಗೆದ್ರು. ಇಲ್ಲಿಯವರೆಗೆ ತೊಂಬತ್ತು ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗೀರು ಹಾಗೆ ಹೋಗಿ ಬಂದಿದಾರೆ. ಅಜ್ಜಿಯ ತಂದೆ ಯುದ್ಧದಲ್ಲಿ ಸೆರೆಸಿಕ್ಕಿ ಫ್ರಾನ್ಸಿನಲ್ಲಿ ಕೈದಿಯಾಗಿದ್ದವರು. ಮಗಳನ್ನ ಅದೇ ಜನರ ಮನೆಗೆ ಕಳಿಸೋ ಕಾಗದ ಬಂದಾಗ ದಿನಗಟ್ಟಲೆ ಮಾತೇ ಆಡಲಿಲ್ಲವಂತೆ. ಕೊನೆಗೆ ಅವರೇ ಪೆಟ್ಟಿಗೆ ಹೊತ್ತು ಸ್ಟೇಷನ್ನಿಗೆ ಬಂದ್ರಂತೆ. ಮರುವರ್ಷ ಆ ಫ್ರೆಂಚ್ ಹುಡುಗಿ ಇವರ ಮನೆಗೆ ಬಂದಾಗ ಊರೆಲ್ಲ ಸುತ್ತಿಸಿದವರೂ ಅವರೇ. ಭಾವನಿಗೆ ಬೇರೇನೂ ಹೇಳದಿದ್ರೂ ಪರವಾಗಿಲ್ಲ, ಇದೊಂದನ್ನ ಹೇಳಿ.

ಈಗ ಎರಡನೇ ಅರ್ಧ. ಆ ಜರ್ಮನ್ ಹುಡುಗಿ ನಮ್ಮನೆಗೆ ಬಂದಿದ್ದು ನಿಮಗೆ ನೆನಪಿದೆ, ಬಿಸಿಲಿಗೆ ಮೂಗು ಕೆಂಪಾಗಿತ್ತಲ್ಲ. ರಸ್ತೆ ದಾಟೋಕೆ ನನ್ನ ಸೆರಗು ಹಿಡ್ಕೋತಿದ್ಲು. ಅವಳು ಬೇಡ ಅಂದಷ್ಟೂ ನಮ್ಮತ್ತೆ ಬಡಿಸಿದ್ರು, ಆ ಮಗು ಬಿಡೋದು ಮರ್ಯಾದೆ ಅಲ್ಲ ಅಂತ ಎಲ್ಲಾ ತಿಂದು ಹೊಟ್ಟೆ ಹಿಡ್ಕೊಂಡು ಮಲಗ್ತು. ಕೊನೆಗೆ ನಮ್ಮವಳೇ ಹೇಳಿಕೊಟ್ಲು, ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿ, ಆಗ ಬಿಡ್ತಾರೆ ಅಂತ. ಮಧ್ಯಾಹ್ನ ಅವಳು ಕೋಣೆ ಬಾಗಿಲು ಹಾಕ್ಕೊಂಡ್ರೆ ಅತ್ತೆಗೆ ಬೇಜಾರು, ಮಗೂಗೆ ನಮ್ಮನೆ ಹಿಡಿಸಿಲ್ಲ ಅಂತ. ಆಗ ನನ್ನ ಮಗಳು ಅಜ್ಜಿ ಪಕ್ಕ ಕೂತು, ಅವರ ಮನೇಲೂ ಹಾಗೇ ಅಜ್ಜಿ, ನಾನೂ ನಿಮ್ಮ ಹಾಗೇ ಅಂದ್ಕೊಂಡು ಅತ್ತಿದ್ದೆ, ಒಂದು ಗಂಟೆ ಬಿಟ್ಟರೆ ತಾನೇ ಬರ್ತಾಳೆ ನೋಡಿ ಅಂದ್ಲು. ಹಾಗೇ ಬಂದ್ಲು. ಬಂದು ಅತ್ತೆ ಕಾಲ ಬಳಿ ಕೂತು ಅವರೆಕಾಯಿ ಬಿಡಿಸಿದ್ಲು. ನಮ್ಮವಳು ಅಲ್ಲಿಗೆ ಹೋಗಿ ಕಲಿತಿದ್ದು ಕೆಲಸಕ್ಕೆ ಬಂದಿದ್ದು ಇಲ್ಲಿ, ನಮ್ಮ ನಡುಮನೇಲಿ. ಪರದೇಶ ನೋಡಿದವರು ಊರಲ್ಲಿ ಎಷ್ಟೋ ಜನ ಇದಾರೆ, ಪರದೇಶದ ಮಗುವಿಗೆ ಮನೆ ಕೊಟ್ಟವರು ಕಡಿಮೆ.

ದುಡ್ಡಿನ ಮಾತು ನಿಜ ಅಕ್ಕ. ಇರೋದು ತಿನ್ನೋದು ಅವರ ಮನೇಲೇ ಆದ್ರೂ ವಿಮಾನ, ವೀಸಾ, ಇನ್ಶೂರೆನ್ಸು ನಮ್ಮ ತಲೆ ಮೇಲೇ. ಇದು ಇರೋರ ಮಕ್ಕಳಿಗೆ ಮಾತ್ರ ಸಿಗ್ತಿದೆ ಅನ್ನೋದು ನನಗೆ ನೋವು. ಆದರೆ ವಿಮಾನ ಹತ್ತಿದ್ರೇನೇ ಇದೆಲ್ಲ ಅಂತೇನಿಲ್ಲ. ನವೋದಯ ಶಾಲೆ ನೋಡಿ, ಒಂಬತ್ತನೇ ಕ್ಲಾಸಲ್ಲಿ ನೂರಕ್ಕೆ ಮೂವತ್ತು ಮಕ್ಕಳು ಇಲ್ಲಿಂದ ಹಿಂದಿ ಸೀಮೆಗೆ, ಅಲ್ಲಿಂದ ಇಲ್ಲಿಗೆ ಒಂದು ವರ್ಷ ಹೋಗಿ ಓದಬೇಕು ಅಂತ ನಿಯಮ. ಹೆಚ್ಚಿನವರು ಹಳ್ಳಿ ಮಕ್ಕಳು, ಸರ್ಕಾರದ ಖರ್ಚು. ಅವರಿರೋದು ಹಾಸ್ಟೆಲಲ್ಲಿ ಅನ್ನೋದೊಂದೇ ಕೊರತೆ. ರಾಯಚೂರಿನ ಸರ್ಕಾರಿ ಶಾಲೆ ಮಗು ಮೈಸೂರಿನ ಮನೇಲಿ, ಇಲ್ಲಿಯ ಮಗು ಅಲ್ಲಿ ಜೋಳದ ರೊಟ್ಟಿ ತಿಂದ್ಕೊಂಡು ಹದಿನೈದು ದಿನ ಇರೋ ಹಾಗಾದ್ರೆ ಎಷ್ಟು ಚೆನ್ನ! ಪಿಟಿಎ ಮೀಟಿಂಗಲ್ಲಿ ನಾನು ಎತ್ತೋಣ ಅಂತಿದೀನಿ, ನೀವೂ ದನಿಗೂಡಿಸಬೇಕು.

ಹೊರಡೋದಾದ್ರೆ ಈಗಲೇ ಹೇಳಿಬಿಡ್ತೀನಿ. ಮೈನರ್ ಆದ್ದರಿಂದ ವೀಸಾಕ್ಕೆ ನಿಮ್ಮಿಬ್ಬರ ಒಪ್ಪಿಗೆ ಪತ್ರವೂ ಬೇಕು, ಒಬ್ಬರದು ಸಾಲದು. ತುಪ್ಪ, ಪೇಡಾ ಕಟ್ಟಿಕೊಡಬೇಡಿ, ಹಾಲಿನ ಪದಾರ್ಥ ಯುರೋಪಿನೊಳಕ್ಕೆ ಬಿಡಲ್ಲ. ಚಟ್ನಿಪುಡಿ, ಕೋಡುಬಳೆ ಕೊಡಿ. ಆ ಮನೆಯವರಿಗೆ ದುಬಾರಿ ಉಡುಗೊರೆ ಬೇಡ, ಒಂದು ಚನ್ನಪಟ್ಟಣದ ಗೊಂಬೆ ಸಾಕು. ಅಲ್ಲಿಯ ಹುಡುಗ ಬಂದಾಗ ಮಲಗೋಕೆ ಜಾಗ ಎಲ್ಲಿ ಅಂತ ಇವತ್ತೇ ಭಾವನ ಹತ್ರ ಕೂತು ಯೋಚನೆ ಮಾಡಿ. ನಮ್ಮ ಮಹಡಿ ಕೋಣೆ ಖಾಲಿ ಇದೆ, ಆದ್ರೆ ಅದನ್ನ ಕೊಡಲ್ಲ ನಾನು, ಅವನು ನಿಮ್ಮನೇಲೇ ಇರಬೇಕು. ಹಾಸಿಗೆ, ಮಂಚ ನಾನು ಕಳಿಸ್ತೀನಿ. ನಿಮ್ಮನೆ ಸಣ್ಣ ಕೋಣೆ ಬಾಗಿಲಿಗೆ ಒಂದು ಚಿಲಕ ಹಾಕಿಸಿ, ಸಾಕು.