ಅಲ್ಲೇ ಮಾರಾಯ, ಸ್ವಲ್ಪ ಆಚೆ

ಶನಿವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂದು ಬೀಳುತ್ತದೆ. ಅದರಲ್ಲಿರುವುದು ಮೂರೇ: ಭಾವ, ಮೀನು, ಆಕಾಶ. ಭಾವನ ಕಾಲಿಲ್ಲ, ಕಾಲಡಿಯ ಮರಳಿಲ್ಲ, ಬೆನ್ನ ಹಿಂದೆ ಇರಲೇಬೇಕಾದ ಸಮುದ್ರವೂ ಇಲ್ಲ. ಎಲ್ಲಕ್ಕೂ ಕತ್ತರಿ ಬಿದ್ದಿದೆ. ಗಂಗೊಳ್ಳಿಯಿಂದ ಹೋಗಿ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಮನೆ ಮಾಡಿಕೊಂಡಿರುವ ಈ ಭಾವ ವಾರಕ್ಕೆ ಐದು ದಿನ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕುತ್ತಾರೆ, ಆರನೆಯ ದಿನ ಫ್ಲೂಕ್ ಮೀನು ಹುಡುಕುತ್ತಾರೆ. ಫೋಟೋದ ಕೆಳಗೆ "ಎಲ್ಲಿ ಭಾವ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹದಿಮೂರು ಬೇಸಿಗೆಗಳಿಂದ ಒಂದೇ: "ಅಲ್ಲೇ ಮಾರಾಯ, ಸ್ವಲ್ಪ ಆಚೆ."

ಕೇಳುವವನು ಹೆಚ್ಚಾಗಿ ಅವರ ಹೆಂಡತಿಯ ತಮ್ಮ. ಇಲ್ಲಿ ಅವನನ್ನು ಭಾವಮೈದ ಎಂದಷ್ಟೇ ಕರೆಯಲಾಗುವುದು. ಅವನ ಪರವಾಗಿ ಲೇಖಕರು ತುಸು ಹೆಚ್ಚೇ ಕುದಿಯುತ್ತಿದ್ದಾರೆ ಅನ್ನಿಸಿದರೆ ಓದುಗರು ದಯವಿಟ್ಟು ಕಂಡೂ ಕಾಣದಂತಿರಬೇಕು.

ಈ ಜಾತಿಯವರು ಭಾವ ಒಬ್ಬರೇ ಏನಲ್ಲ. ನ್ಯೂಯಾರ್ಕಿನ ಮಾಂಟಾಕ್‌ನಿಂದ ನ್ಯೂಜೆರ್ಸಿಯ ಕೇಪ್ ಮೇವರೆಗೆ ಕಲ್ಲುಕಟ್ಟೆ ಕಂಡಲ್ಲೆಲ್ಲ ಇದ್ದಾರೆ. ಕಾರನ್ನು ಜಾಗದಿಂದ ಅರ್ಧ ಮೈಲಿ ದೂರ ನಿಲ್ಲಿಸುತ್ತಾರೆ. ಗಾಳಕ್ಕೆ ಮೀನು ಕಚ್ಚಿದಾಗ ಪಕ್ಕದಲ್ಲಿ ಯಾರಾದರೂ ಸುಳಿದರೆ ಪಾಚಿ ಸಿಕ್ಕಿಕೊಂಡವರ ಮುಖ ಮಾಡುತ್ತಾರೆ. "ಇವತ್ತು ಏನೂ ಇಲ್ಲ" ಅನ್ನುವಾಗ ತುಂಬಿದ ಐಸ್ ಬಾಕ್ಸಿನ ಮೇಲೆಯೇ ಕೂತಿರುತ್ತಾರೆ.

ಫ್ಲೂಕ್ ಅಂದರೆ ನಮ್ಮವರಿಗೆ ಕಣ್ಣು ಮುಚ್ಚಿ ಬೀಸಿದಾಗ ಬಿದ್ದ ಸಿಕ್ಸರ್. ಅಲ್ಲಿ ಅದೊಂದು ಮೀನು, ಪುಸ್ತಕದ ಹೆಸರು ಸಮ್ಮರ್ ಫ್ಲೌಂಡರ್. ನಮ್ಮ ಕರಾವಳಿಯ ನಂಗಿಗೆ ದೂರದ ನೆಂಟ. ಅದರಂತೆಯೇ ಚಪ್ಪಟೆ, ಆದರೆ ಬಾಯಿ ದೊಡ್ಡದು, ಹಲ್ಲು ಚೂಪು. ಹುಟ್ಟುವಾಗ ಎಲ್ಲ ಮೀನುಗಳ ಹಾಗೆ ಆಚೆಗೊಂದು ಈಚೆಗೊಂದು ಕಣ್ಣು. ಬೆಳೆಯುತ್ತ ಬಲಗಣ್ಣು ತಲೆ ದಾಟಿ ಎಡಮಗ್ಗುಲಿಗೆ ಬಂದುಬಿಡುತ್ತದೆ. ಆಮೇಲೆ ಅದು ಕುರುಡು ಮಗ್ಗುಲನ್ನು ಕೆಳಗೆ ಮಾಡಿ ಮರಳಲ್ಲಿ ಹೂತುಕೊಂಡು, ಮರಳಿನ ಬಣ್ಣವನ್ನೇ ಮೈಗೆ ತಂದುಕೊಂಡು, ಎರಡು ಕಣ್ಣಷ್ಟೇ ಹೊರಗಿಟ್ಟು ಕಾಯುತ್ತದೆ. ಭಾವನಿಗೂ ಅದಕ್ಕೂ ಇರುವ ಹೊಂದಾಣಿಕೆಯ ಬಗ್ಗೆ ಅಕ್ಕನನ್ನು ಕೇಳಿದರೆ ಇನ್ನೂ ಹೆಚ್ಚು ಹೇಳಿಯಾಳು.

2024ರಲ್ಲಿ ನ್ಯೂಜೆರ್ಸಿಯ ನಿಯಮ ಹೀಗಿತ್ತು: ಮೇ 4ರಿಂದ ಸೆಪ್ಟೆಂಬರ್ 25ರವರೆಗೆ ಹಿಡಿಯಬಹುದು, ದಿನಕ್ಕೆ ಮೂರು, ಒಂದೆರಡು ಕಡೆ ಬಿಟ್ಟರೆ ಪ್ರತಿಯೊಂದೂ 18 ಇಂಚಿಗೆ ಕಡಿಮೆ ಇರಕೂಡದು. ಹದಿನೆಂಟು ಇಂಚು ಅಂದರೆ ಒಂದು ಮೊಳ. ಹೂವಾಡಗಿತ್ತಿಯ ಮೊಳ ಗಿರಾಕಿಯ ಮುಖ ನೋಡಿ ಕುಗ್ಗೀತು, ಹಿಗ್ಗೀತು. ಆ ಸರ್ಕಾರದ ಮೊಳ ಅಲುಗುವುದಿಲ್ಲ. ಹದಿನೇಳೂ ಮುಕ್ಕಾಲು ಇಂಚಿನ ಮೀನನ್ನು ಭಾವ ಅಳತೆಪಟ್ಟಿಯ ಮೇಲೆ ಮಲಗಿಸಿ, ಬಾಲ ನೀವಿ, ಇನ್ನೊಮ್ಮೆ ನೀವಿ, ಕೊನೆಗೆ ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ನೀರಿಗೆ ಬಿಡುತ್ತಾರೆ. ಹೋಲಿಕೆ ಪೂರ್ತಿ ಸುಳ್ಳಲ್ಲ, ಮೊಳ ದಾಟುವ ಫ್ಲೂಕ್ ಬಹುಪಾಲು ಹೆಣ್ಣೇ. ತೀರ ದೊಡ್ಡದನ್ನು ಅಲ್ಲಿಯವರು 'ಡೋರ್‌ಮ್ಯಾಟ್' ಅನ್ನುತ್ತಾರೆ, ಬಾಗಿಲ ಮುಂದಿನ ಕಾಲೊರಸು. ವಿಶ್ವದಾಖಲೆಯ ಕಾಲೊರಸು 1975ರಲ್ಲಿ ಮಾಂಟಾಕ್ ಬಳಿ ಚಾರ್ಲ್ಸ್ ನ್ಯಾಪಿ ಎಂಬವರಿಗೆ ಸಿಕ್ಕಿತು. ತೂಕ 22 ಪೌಂಡ್ 7 ಔನ್ಸ್, ಅಂದರೆ ಹತ್ತು ಕಿಲೋಗೂ ಮೇಲೆ.

ಒಂದು ಮಾತು ಒಪ್ಪಿಕೊಳ್ಳಲೇಬೇಕು: ಭಾವನಿಗೆ ಜಾಗ ಸಿಗುವುದು ಆ ಸಿಕ್ಸರಿನ ಹಾಗಲ್ಲ. ಹಿಮ ಬೀಳುವ ಜನವರಿಯಲ್ಲಿ ಅವರು ಊಟದ ಮೇಜಿನ ಮೇಲೆ ಸ್ಯಾಂಡಿ ಹುಕ್ ಕೊಲ್ಲಿಯ ನೌಕಾ ನಕ್ಷೆ ಹರಡಿ ಕೂರುತ್ತಾರೆ. ನಕ್ಷೆಯ ನೀರಿನ ತುಂಬ ಆಳದ ಅಂಕಿಗಳು, ನಡುನಡುವೆ ಸಣ್ಣ ಅಕ್ಷರಗಳು. ಎಸ್ ಎಂದರೆ ಮರಳು, ಎಂ ಎಂದರೆ ಕೆಸರು. ಭಾವನ ಬೆರಳು ಆರು, ಏಳು, ಎಂಟು ಅಡಿ ಎಂದು ಸಾಗಿ, ಒಮ್ಮೆಲೇ ಹದಿನೆಂಟಕ್ಕೆ ಇಳಿಯುವಲ್ಲಿ ನಿಲ್ಲುತ್ತದೆ. ಅಂಥ ಇಳಿಜಾರು ದಡದಿಂದ ಗಾಳ ಎಸೆಯುವಷ್ಟು ಹತ್ತಿರ ಬಂದರೆ ಪೆನ್ಸಿಲಿನ ಒಂದು ಚುಕ್ಕೆ. ಫ್ಲೂಕ್ ಹುಡುಕಬೇಕಾದದ್ದು ಕಾಲುವೆಯ ಅಂಚಿನಲ್ಲಿ, ಮರಳದಿಬ್ಬದ ಬುಡದಲ್ಲಿ, ಸೇತುವೆಯ ಕಂಬದ ಮರೆಯಲ್ಲಿ, ಅಳಿವೆಯ ಬಾಯಲ್ಲಿ. ಇಳಿತದ ನೀರು ಸಣ್ಣಮೀನು, ಸಿಗಡಿಗಳನ್ನು ಹೊತ್ತು ತೋಡಿನಿಂದ ಹೊರಬರುವಾಗ ಬಾಗಿಲಲ್ಲಿ ಹರಿವಿಗೆ ಮುಖಮಾಡಿ ಮಲಗಿದವನಿಗೆ ಪುಕ್ಕಟೆ ಊಟ. ಮೇ ತಿಂಗಳಲ್ಲಿ ಬೇಗ ಬೆಚ್ಚಗಾಗುವ ಒಳಕೊಲ್ಲಿಯ ತಗ್ಗುನೀರು, ಬಿಸಿಲೇರಿದ ಮೇಲೆ ಅಳಿವೆ, ಆಮೇಲೆ ಹೊರಗಡಲು. ಜಾಗ ಸಾಲದೆ ಕಟ್ಟಿಕೊಟ್ಟವರೂ ಇದ್ದಾರೆ. ಪಕ್ಕದ ಡೆಲವೇರ್ ರಾಜ್ಯ 2001ರಿಂದ ನ್ಯೂಯಾರ್ಕ್ ಸಬ್‌ವೇಯ ಏಳುನೂರಕ್ಕೂ ಹೆಚ್ಚು ಹಳೆಯ ಬೋಗಿಗಳನ್ನು ಮೀನಿಗೆ ಮನೆಯಾಗಲೆಂದು ಸಮುದ್ರಕ್ಕೆ ಇಳಿಸಿತು.

ಇಷ್ಟನ್ನೂ ಭಾವ ಪಾಠ ಮಾಡಿದಂತೆ ವಿವರಿಸುತ್ತಾರೆ. "ಹಾಗಾದರೆ ಈ ಚುಕ್ಕೆ ಯಾವ ಊರು?" ಅಂದ ಕೂಡಲೇ ನಕ್ಷೆ ಸುರುಳಿಯಾಗುತ್ತದೆ.

ಕಳೆದ ಒಂದು ಜುಲೈಯಲ್ಲಿ ಭಾವ ತಪ್ಪು ಮಾಡಿದರು. ಶನಿವಾರದ ಫೋಟೋದಲ್ಲಿ ಸಮುದ್ರ ಇರಲಿಲ್ಲ, ದಡ ಇರಲಿಲ್ಲ, ಆದರೆ ಅವರ ಕಪ್ಪು ಕನ್ನಡಕ ಇತ್ತು. ಭಾವಮೈದ ಎರಡು ಬೆರಳಲ್ಲಿ ಫೋಟೋ ಹಿಗ್ಗಿಸುತ್ತ ಹೋದ. ಎಡಗಾಜಿನಲ್ಲಿ ಬಿಲ್ಲಿನಂತೆ ಬಾಗಿದ ಬೂದು ಗೆರೆ, ಅದರ ಕೆಳಗೆ ಕಂಬಗಳು. ಹೈಲ್ಯಾಂಡ್ಸ್ ಮತ್ತು ಸೀ ಬ್ರೈಟ್ ನಡುವಿನ ಎತ್ತರದ ಸೇತುವೆ! ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು, ಬೊಂಡಾಸಿನ ಪಟ್ಟಿ, ಜೀವಂತ ಕಿಲ್ಲಿಮೀನು ಕೊಂಡು, ಆರು ಗಂಟೆಗೆ ಸೇತುವೆ ಅದೇ ಓರೆಯಲ್ಲಿ ಕಾಣುವಲ್ಲಿಗೆ ಹೋಗಿ ನಿಂತ. ಸಿಕ್ಕಿದ್ದು ಏಳು ಸೀ ರಾಬಿನ್, ತೊರಕೆಯ ಜಾತಿಯದೊಂದು. ಸೀ ರಾಬಿನ್ ಅಂದರೆ ರೆಕ್ಕೆಯಂಥ ಈಜುರೆಕ್ಕೆ ಬಿಚ್ಚಿಕೊಂಡು, ಕೈಯಲ್ಲಿ ಹಿಡಿದರೆ ಗೊರಗೊರ ಸದ್ದು ಮಾಡುವ ಮೀನು. ಏಳನೆಯದರ ಸದ್ದು ಅವನಿಗೆ ನಕ್ಕ ಹಾಗೇ ಕೇಳಿಸಿತು. ಎಂಟೂವರೆಗೆ ಗಂಟುಮೂಟೆ ಕಟ್ಟಿದ.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಫ್ಲೂಕ್ ತವಾ ಫ್ರೈ. ಭಾವ ಮುಳ್ಳು ಬಿಡಿಸುತ್ತ ಕೇಳಿದರು, "ಎಷ್ಟು ಹೊತ್ತಿಗೆ ಹೋಗಿದ್ದಿ?"

"ಎಲ್ಲಿಗೆ?"

"ನಿನ್ನ ಶೂ ಹೇಳ್ತದೆ ಮಾರಾಯ. ಎಷ್ಟು ಹೊತ್ತಿಗೆ?"

"ಆರಕ್ಕೆ."

"ಆರಕ್ಕೆ ಅಲ್ಲಿ ನೀರು ನಿಂತಿರ್ತದೆ. ನೀರು ಹೊರಡುವ ಹೊತ್ತಿಗೆ ನೀನೂ ಹೊರಟು ಬಂದಿ."

ಉಬ್ಬರವಿಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಶನಿವಾರ ಹತ್ತಕ್ಕೆ ಮೀನು ಕಚ್ಚಿತ್ತೆಂದರೆ ಭಾನುವಾರ ಅದೇ ಇಳಿತಕ್ಕೆ ಹನ್ನೊಂದರ ಹತ್ತಿರದವರೆಗೆ ಕಾಯಬೇಕಿತ್ತು. ಭಾವಮೈದ ಮುಂದಿನ ಶನಿವಾರ ಲೆಕ್ಕ ಹಾಕಿಕೊಂಡೇ ಹೋದ. ಅಷ್ಟರಲ್ಲಿ ಮೂರು ದಿನ ಬಿಡದೆ ದಕ್ಷಿಣದ ಗಾಳಿ ಬೀಸಿ, ತಳದ ತಣ್ಣೀರು ದಡದ ಬಳಿ ಮೇಲೆದ್ದು ಬಂದು, ಮೀನು ಬಾಯಿ ಬಿಡಲಿಲ್ಲ. ಭಾವನ ಫೋಟೋ ಹತ್ತೂವರೆಗೆ ಬಂತು: ಭಾವ, ಮೀನು, ಆಕಾಶ. ಕನ್ನಡಕ ಇರಲಿಲ್ಲ.

ಆ ಮೇಲೆ ಒಂದು ಸಂಜೆ ಅಕ್ಕನೇ ಅವರ ನೋಟ್‌ಬುಕ್ ತೋರಿಸಿದಳು. ಪೂರ್ತಿ ಕನ್ನಡದಲ್ಲಿದೆ, ಅಂಕಿ ಕೂಡ. ಕಲ್ಲುಕಟ್ಟೆಯ ಮೇಲೆ ತೆರೆದಿಟ್ಟರೂ ಪಕ್ಕದವನಿಗೆ ಅದು ಜಿಲೇಬಿ. ತಾರೀಕು, ಗಾಳಿ, ನೀರು, ಮೀನು, ಜಾಗ. ಮೊದಲ ಬೇಸಿಗೆಯ ಪುಟಗಳ ಮೇಲೆಲ್ಲ ಅಡ್ಡಗೀಟು ಬಿದ್ದಿವೆ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಬಂದು ಮರಳನ್ನೆಲ್ಲ ಆಚೀಚೆ ಮಾಡಿತು, ಮ್ಯಾಂಟೊಲೋಕಿಂಗ್‌ನಲ್ಲಿ ನೆಲವನ್ನೇ ಸೀಳಿ ಸಮುದ್ರವನ್ನು ಕೊಲ್ಲಿಗೆ ಕೂಡಿಸಿತು. ಭಾವನಿಗೆ ಅದು ಹೊಸತೇನೂ ಆಗಿರಲಿಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ ಮಳೆಗಾಲ ಕಳೆದ ಮೇಲೆ ಮರಳು ಎಲ್ಲಿದೆ ಎಂದು ಅವರ ಅಪ್ಪಯ್ಯ ಪ್ರತಿವರ್ಷ ಹೊಸದಾಗಿ ನೋಡಬೇಕಿತ್ತು. ಆಚೆ ದಡದ ಒಂದು ತೆಂಗು ಹಿಂದಿನ ಗುಡ್ಡದ ನೆತ್ತಿಗೆ ಸರಿಯಾಗಿ ಬಂದಾಗ ಅವರು ಬೀಸುಬಲೆ ಎಸೆಯುತ್ತಿದ್ದರಂತೆ. ಯಾವ ತೆಂಗು ಎಂದು ಬಾಯಿಬಿಟ್ಟು ಹೇಳಿದವರಲ್ಲ. ದೋಣಿಯ ಮೂಲೆಯಲ್ಲಿ ಕೂತ ಹುಡುಗ ನೋಡಿಯೇ ಕಲಿತದ್ದು.

ಭಾವನ ಮಗ ಎಡಿಸನ್ನಿನಲ್ಲೇ ಹುಟ್ಟಿದವನು. ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಮೀನಿನ ವಾಸನೆಯೂ ಆಗದು. ಆ ನೋಟ್‌ಬುಕ್ಕನ್ನು ಓದಬಲ್ಲ, ಮೀನನ್ನೂ ಬಯಸುವ ಮನುಷ್ಯ ಆ ಸೀಮೆಯಲ್ಲಿ ಬಹುಶಃ ಒಬ್ಬನೇ, ಅವನು ಆರು ಗಂಟೆಗೆ ಹೋಗಿ ಎಂಟೂವರೆಗೆ ಮರಳುವವನು. ಭಾವನ ಸಂಕಟ ಏನಿದ್ದೀತೆಂದು ಭಾವಮೈದನಿಗೂ ಆ ಸಂಜೆ ಸ್ವಲ್ಪ ಹೊಳೆಯಿತು.

2024ರ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಅವನ ಫೋನಿಗೆ, ಕುಟುಂಬದ ಗುಂಪಿಗಲ್ಲ, ಅವನೊಬ್ಬನಿಗೇ, ಒಂದು ಫೋಟೋ ಬಂತು. ಕತ್ತರಿ ಬಿದ್ದಿರಲಿಲ್ಲ. ಮರಳು, ಕಲ್ಲುಕಟ್ಟೆ, ನೀರು, ಹಿಂದೆ ಬಿಳಿ ದೀಪಸ್ತಂಭ, ಎಲ್ಲವೂ ಇತ್ತು. ಜೊತೆಗೆ ನೋಟ್‌ಬುಕ್ಕಿನ ಒಂದು ಪುಟ, ಕೆಳಗೆ ಒಂದು ಸಾಲು: "ಇಳಿತದ ಕೊನೆಯ ಎರಡು ತಾಸು. ಬೇಗ ಎದ್ದು ಬರಬೇಡ."

ಅವನು ಹಿಗ್ಗಿ ಅಕ್ಕನಿಗೆ ಫೋನ್ ಮಾಡಿದ. ಗೋಡೆಯ ಕ್ಯಾಲೆಂಡರ್ ನೋಡಿದ್ದು ಆಮೇಲೆ. ಅಂದು ತಾರೀಕು 26. ಫ್ಲೂಕ್ ಸೀಸನ್ ಹಿಂದಿನ ದಿನವೇ ಮುಗಿದಿತ್ತು.