ಶುದ್ಧ ಹಳ್ಳಿ ವಾತಾವರಣ

ಗಬ್ಬೂರ ಟೋಲ್ ನಾಕಾದ ಹತ್ರ, ಚಾದಂಗಡಿ. ಏಜೆಂಟನ ಕೈಯಾಗ ಲೇಔಟ್ ನಕಾಶೆ.

"ಕಾಕಾ, ಗಬ್ಬೂರ ಈಗ ಹಳ್ಳಿ ಅಲ್ರಿ. ಬೈಪಾಸ್ ಐತಿ, ಪುಣೆ-ಬೆಂಗಳೂರು ರಸ್ತಾ ಐತಿ. ರೇಟ್ ಗಗನಕ್ಕ ಹೋಗೇತಿ!"

"ಮತ್ತ ನಿನ್ನ ಬೋರ್ಡಿನ್ಯಾಗ 'ಶುದ್ಧ ಹಳ್ಳಿ ವಾತಾವರಣ' ಅಂತ ಬರದೀಯಲ್ಲೋ?"

"ಅದು ಪ್ಲಾಟ್ ಹಿಡಿಯೋರಿಗ್ರಿ. ಅವರಿಗೆ ಹಳ್ಳಿ ಬೇಕು, ನಿಮ್ಮ ತಿಪ್ಪಿ, ಎಮ್ಮಿ ಬ್ಯಾಡ."

"ಎಮ್ಮಿ ಹೊಲಸು, ಲಾರಿ ಹೊಗಿ ಶುದ್ಧ! ಇರ್ಲಿ. ಇದು ಎರಿ ಭೂಮಿ. ಬ್ಯಾಸಿಗ್ಯಾಗ ಬಿರೀತೈತಿ, ಮಳಿಗಾಲದಾಗ ಉಬ್ಬತೈತಿ, ಗ್ವಾಡಿ ಸೀಳತಾವು. ಅದನ್ನೂ ಬರಿ."

"ಬರದೀನ್ರಿ, 'ಫಲವತ್ತಾದ ಮಣ್ಣು' ಅಂತ."

(ಜಾಹೀರಾತಿನ್ಯಾಗ ಸುಳ್ಳು ಇರೂದಿಲ್ಲ, ನೋಡ್ರಿ.)

"ನನ್ನ ಮಗಗ ಒಂದ ಗುಂಟೆ ಇಡು. 1089 ಚದರಡಿ ಸಾಕು."

"ರೇಟ್ ಕೇಳಿದ್ರ ಗಾಬರಿ ಆಗ್ತೀರಿ."

"ಲೇ, ಹೊಲಾ ಮಾರಿದಾಂವ ನಾನಽ ಅಲ್ಲೇನೋ!"

"ಅದು ಎಕರೇ ರೇಟ್ರಿ ಕಾಕಾ, ಇದು ಚದರಡಿ ರೇಟು."