ಟೇಪು ಹಿಡಿದ ಸುಪುತ್ರ

ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ಮೈಸೂರಿಗೆ ಬಂದಿಳಿಯುವ ಗಂಡುಮಕ್ಕಳಲ್ಲಿ ಒಂದು ಪಂಗಡ ಚಪ್ಪಲಿ ಬಿಟ್ಟ ಕೂಡಲೇ ಅಡುಗೆಮನೆಗೆ ನುಗ್ಗುತ್ತದೆ. ಹಸಿದಿರಬೇಕು ಪಾಪ ಎಂದು ಅಮ್ಮ ಒಲೆಯ ಮೇಲೆ ಕಾವಲಿ ಇಡುತ್ತಾರೆ. ಮಗ "ಒಂದ್ನಿಮಿಷ ಈ ಕಡೆ ಬಾಮ್ಮ" ಎಂದು ಅವರನ್ನು ಪಕ್ಕಕ್ಕೆ ಸರಿಸಿ, ಜೇಬಿನಿಂದ ಅಂಗೈಯಗಲದ ಯಂತ್ರವೊಂದನ್ನು ತೆಗೆದು ಗೋಡೆಗೆ ಹಿಡಿಯುತ್ತಾನೆ. ಲೇಸರ್ ಟೇಪು. ಅದರ ಕೆಂಪು ಚುಕ್ಕೆ ಮೊದಲು ಸಾಸಿವೆ ಡಬ್ಬಿಯ ಮೇಲೆ ಬೀಳುತ್ತದೆ, ಆಮೇಲೆ ಕ್ಯಾಲೆಂಡರಿನ ಏಕಾದಶಿಯ ಮೇಲೆ, ಕೊನೆಗೆ ಅಮ್ಮನ ಸೆರಗಿನ ಮೇಲೆ. ಮೂರು ಸಲ ಅಳೆದರೆ ಮೂರು ಲೆಕ್ಕ. ಕಾವಲಿ ಅಷ್ಟರಲ್ಲಿ ಹೊಗೆಯಾಡುತ್ತಿರುತ್ತದೆ.

ಇವನನ್ನು ಸುಪುತ್ರ ಎನ್ನೋಣ. ವಯಸ್ಸು ನಲವತ್ತರ ಆಚೀಚೆ, ಕೆಲಸ ಸಾಫ್ಟ್‌ವೇರು. ಸ್ವಂತ ಫ್ಲ್ಯಾಟಿನಲ್ಲಿ ಹೊಳೆಯುವ ಅಡುಗೆಮನೆ ಇದೆ. ಅಲ್ಲಿ ಅವನಿಗೆ ಕೈಗೂಡಿದ ವಿದ್ಯೆ ನೂಡಲ್ಸು ಮತ್ತು ಮೊಟ್ಟೆ. ಅಡುಗೆಮನೆಗಳ ಬಗ್ಗೆ ಅವನು ನೋಡಿರುವ ವಿಡಿಯೊಗಳನ್ನು ಮಾತ್ರ ಎಡೆಬಿಡದೆ ನೋಡಲು ಕೂತರೆ ಮೈಸೂರಿನಿಂದ ರೈಲಿನಲ್ಲಿ ಮುಂಬಯಿ ತಲುಪಬಹುದು. 2023ರಲ್ಲಿ 118 ಕಿ.ಮೀ. ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಈ ಪಂಗಡದ ಓಡಾಟ ಹೆಚ್ಚಾಗಿದೆ. ಮೊದಲು ಯುಗಾದಿಗೂ ದಸರೆಗೂ ಬರುತ್ತಿದ್ದವರು ಈಗ ಕೀಲು ಬಾಗಿಲಿನ ಮಾದರಿ ತೋರಿಸಲಿಕ್ಕೂ ಬರುತ್ತಾರೆ.

ಎಲ್ಲ ಶುರುವಾದದ್ದು ಒಂದು ಫೋನಿನಿಂದ. "ಕೆಳಗಿನ ಗೂಡಿಂದ ರವೆ ತೆಗೆಯಕ್ಕೆ ಬಗ್ಗಿದೆ ಕಣೋ, ಮಂಡಿ ಕಳಕ್ ಅಂತು" ಎಂದು ಅಮ್ಮ ಹೇಳಿದರು. ಮೈಸೂರಿನ ಅಮ್ಮಂದಿರ ಭಾಷೆಯಲ್ಲಿ ಇದರರ್ಥ, ನೀನು ಬಂದು ಬಹಳ ದಿನ ಆಯ್ತು ಎಂದು. ಸುಪುತ್ರನ ಕಿವಿಗೆ ಅದು ಪ್ರಾಜೆಕ್ಟಾಗಿ ಬಿತ್ತು. ಸೋಮವಾರದ ಹೊತ್ತಿಗೆ ಎಕ್ಸೆಲ್ ಹಾಳೆ, ಮಂಗಳವಾರ 'ಅಮ್ಮನ ಕಿಚನ್' ಎಂಬ ವಾಟ್ಸ್ಆ್ಯಪ್ ಗುಂಪು. ಗುಂಪಿನಲ್ಲಿ ಹೆಂಡತಿ, ನ್ಯೂಜೆರ್ಸಿಯ ತಂಗಿ, ಭಾವ, ಇಂಟೀರಿಯರ್ ಮಾಡುವ ಒಬ್ಬ ಗೆಳೆಯ. ಅಮ್ಮ ಇಲ್ಲ. "ಫೈನಲ್ ಆದ್ಮೇಲೆ ಸೇರಿಸೋಣ, ಸುಮ್ನೆ ಗಾಬರಿ ಆಗ್ತಾಳೆ" ಎಂಬ ಕಾಳಜಿ.

ಮನೆ ಹಳೆಯ ಸಿಐಟಿಬಿ ಸೈಟಿನದು, ಮೂವತ್ತು ನಲವತ್ತು. ಅಡುಗೆಮನೆ ಎಂಟಡಿ ಹತ್ತಡಿ. ಕಡಪ ಕಲ್ಲಿನ ಕಟ್ಟೆ, ಅದರದ್ದೇ ಗೂಡುಗಳು, ಮೇಲೆ ಅಟ್ಟದಲ್ಲಿ ಕೊಪ್ಪರಿಗೆ, ಚಕ್ಕುಲಿ ಒರಳು ಮತ್ತು ಯಾರ ಮದುವೆಯದೋ ನೆನಪಿಲ್ಲದ ಹದಿನೆಂಟು ಸ್ಟೀಲ್ ತಟ್ಟೆ. ಫ್ರಿಜ್ ಹಾಲಿನಲ್ಲಿ. ಅದು ಮನೆಗೆ ಬಂದ ಕಾಲದಲ್ಲಿ ನೆಂಟರಿಗೆ ಕಾಣುವ ಹಾಗೆ ಇಡುವ ವಸ್ತುವಾಗಿತ್ತು. ಹಿಡಿಕೆಗೆ ಹೊಲಿಸಿದ ಬಟ್ಟೆಯ ಕವಚ ಈಗಲೂ ಇದೆ.

ತಂಗಿಗೆ ಐಲ್ಯಾಂಡ್ ಬೇಕಿತ್ತು. ಅಡುಗೆಮನೆಯ ನಡುವೆ ದ್ವೀಪದಂತೆ ನಿಲ್ಲುವ ಕಟ್ಟೆ. ಅಮೆರಿಕದ ಮನೆಗಳಲ್ಲಿ ಅದರ ಸುತ್ತ ಜನ ಎತ್ತರದ ಸ್ಟೂಲಿನ ಮೇಲೆ ಕೂತು ಹರಟುತ್ತಾರೆ. ಸುಪುತ್ರ ಅಲ್ಲಿನದೇ ಅಳತೆ ಹಿಡಿದು ಲೆಕ್ಕಕ್ಕೆ ಕೂತ. ಅಡುಗೆ ಮಾಡುವವರು ಓಡಾಡುವ ಕಡೆ 42 ಇಂಚು ಬಿಡಬೇಕು, ಬರೀ ಹಾದುಹೋಗುವ ಕಡೆ 36. ಕೋಣೆಯ ಅಗಲ 96 ಇಂಚು. ಗೋಡೆ ಬದಿಯ ಕಟ್ಟೆಗೆ 24 ಹೋದರೆ ಉಳಿದದ್ದು 72. ಎರಡು ಕಡೆಯ ದಾರಿಗೇ 78 ಬೇಕು. ಅಂದರೆ ದ್ವೀಪದ ಅಗಲ ಮೈನಸ್ ಆರು ಇಂಚು. ಇದನ್ನು ಗುಂಪಿನಲ್ಲಿ ಹಾಕಿದಾಗ ತಂಗಿ ಎರಡು ದಿನ ಮಾತು ಬಿಟ್ಟಳು.

ಆಮೇಲೆ ಬಂತು ತ್ರಿಕೋನ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಬಳಕೆಗೆ ತಂದ ಸೂತ್ರ: ಒಲೆ, ಸಿಂಕು, ಫ್ರಿಜ್ ಈ ಮೂರನ್ನು ಗೆರೆಯಿಂದ ಸೇರಿಸಿದರೆ ಬರುವ ತ್ರಿಕೋನದ ಸುತ್ತಳತೆ 13 ಅಡಿಗಿಂತ ಕಡಿಮೆಯೂ 26 ಅಡಿಗಿಂತ ಹೆಚ್ಚೂ ಇರಬಾರದು. ಸುಪುತ್ರ ಅಮ್ಮನ ತ್ರಿಕೋನ ಅಳೆದ. ಒಲೆ ಆಗ್ನೇಯದಲ್ಲಿ, ಫ್ರಿಜ್ ಹಾಲಿನಲ್ಲಿ, ಕರಿಬೇವು ಹಿತ್ತಿಲಲ್ಲಿ. ಒಗ್ಗರಣೆ ಹೊತ್ತಿಗೆ ದೇವರ ದೀಪಕ್ಕೆ ಎಣ್ಣೆ, ಕಿಟಕಿಯಾಚೆ ಪಕ್ಕದ ಮನೆಯಾಕೆಯ ಸೊಸೆಯ ಸುದ್ದಿ. ಯಾವ ರೇಖಾಗಣಿತಕ್ಕೂ ಒಗ್ಗದ ಆಕಾರ. "ದಿನಾ ಇಷ್ಟು ನಡೀತೀಯಲ್ಲಮ್ಮ!" ಎಂದು ಮಗ ಮರುಗಿದ. "ಡಾಕ್ಟ್ರು ನಡೀರಿ ಅಂತಾರೆ, ನೀನು ಬೇಡ ಅಂತೀಯ, ಯಾರ ಮಾತು ಕೇಳ್ಲಿ?" ಎಂದರು ಅಮ್ಮ.

ಜಗತ್ತಿನ ಮೊದಲ ಆಧುನಿಕ ಅಡುಗೆಮನೆ ಎಂದು ಹಲವರು ಹೇಳುವ ಫ್ರಾಂಕ್‌ಫರ್ಟ್ ಕಿಚನ್ನಿನ ಕತೆಯೂ ಸುಪುತ್ರನಿಗೆ ಬಾಯಿಪಾಠ. 1926ರಲ್ಲಿ ಮಾರ್ಗರೆಟೆ ಶುಟೆ ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ರೂಪಿಸಿದ್ದು, 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಮಾದರಿ ರೈಲಿನ ಊಟದ ಬೋಗಿಯ ಅಡುಗೆಕೋಣೆ. ಅಂಥವು ಸುಮಾರು ಹತ್ತು ಸಾವಿರ ಕಟ್ಟಿದರು. ಅವನು ಹೇಳದೆ ಬಿಡುವ ಭಾಗ ಒಂದಿದೆ. ಅದನ್ನು ರೂಪಿಸುವ ಮುನ್ನ ತಾನು ಅಡುಗೆ ಮಾಡಿದವಳೇ ಅಲ್ಲ ಎಂದು ಆಕೆ ಮುಂದೆ ತಾನಾಗಿಯೇ ಹೇಳಿಕೊಂಡರು. ಆದರೂ ಆಕೆ ಗಡಿಯಾರ ಹಿಡಿದು ಹೆಂಗಸರ ಕೆಲಸದ ವೇಳೆಯನ್ನು ಲೆಕ್ಕ ಹಾಕಿದ್ದರು. ಸುಪುತ್ರ ಇದುವರೆಗೆ ಗೋಡೆಗಳನ್ನು ಅಳೆದಿದ್ದಾನೆ.

ಷೋರೂಮಿಗೆ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋದದ್ದು ಒಂದು ದೊಡ್ಡ ತಪ್ಪು ಎಂದು ಅವನು ಈಗಲೂ ಹೇಳುತ್ತಾನೆ. ಅಲ್ಲಿನ ಹುಡುಗ ಬಾಗಿಲು ಎಳೆದು ಬಿಟ್ಟ; ಅದು ಸದ್ದಿಲ್ಲದೆ, ತಾನಾಗಿಯೇ, ನಿಧಾನವಾಗಿ ಮುಚ್ಚಿಕೊಂಡಿತು. "ಸಾಫ್ಟ್ ಕ್ಲೋಸ್ ಮೇಡಮ್." ಅಮ್ಮನ ಮುಖ ಬಾಡಿತು. ನಲವತ್ತು ವರ್ಷದ ಸಂಸಾರದಲ್ಲಿ ಸಿಟ್ಟು ಬಂದಾಗ ಪಾತ್ರೆ ಗೂಡಿನ ಬಾಗಿಲು ದಢಾರ್ ಎನ್ನಿಸುವುದೊಂದೇ ಅವರು ಹಾಲಿಗೆ ಕಳಿಸುತ್ತಿದ್ದ ಸಂದೇಶ. ಅಪ್ಪ ಮಾತ್ರ ಆ ಬಾಗಿಲನ್ನು ಇನ್ನೂ ನಾಲ್ಕು ಸಲ ಎಳೆದು ನೋಡಿ ಬಹಳ ಮೆಚ್ಚಿದರು.

ಆಮೇಲೆ ಕಲ್ಲು. ಕ್ವಾರ್ಟ್ಜ್ ಎಂದ ಹುಡುಗ. ನೂರಕ್ಕೆ ತೊಂಬತ್ತು ಪಾಲು ಕಲ್ಲಿನ ಪುಡಿ, ಉಳಿದದ್ದು ಅಂಟಿನ ರಾಳ, ಕಲೆ ಹಿಡಿಯುವುದಿಲ್ಲ, ಆದರೆ ಬಿಸಿ ಪಾತ್ರೆಯನ್ನು ನೇರ ಇಡುವ ಹಾಗಿಲ್ಲ, ಕೆಳಗೆ ಏನಾದರೂ ಹಾಕಬೇಕು. "ಕುಕ್ಕರಿಗೆ ಮಣೆ ಹಾಕ್ಬೇಕಾ? ಅಳಿಯನಿಗೆ ಹಾಕೋ ಹಾಗೆ?" ಎಂದರು ಅಮ್ಮ. ಬ್ಯಾಂಕಿನಿಂದ ನಿವೃತ್ತರಾದ ಅಪ್ಪ ದರ ಕೇಳಿ, ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಹೊರದೇಶದ ಸಮಾಧಿಗಳ ಮೇಲೆ ಕೂರುತ್ತದೆ, ನಾವು ಪಕ್ಕದ ಜಿಲ್ಲೆಯವರು ಪುಡಿ ಮಾಡಿ ಅಂಟಿಸಿದ್ದನ್ನು ಕೊಳ್ಳಬೇಕೆ ಎಂದು ಕೇಳಿದರು. ಹುಡುಗನ ಬಳಿ ಉತ್ತರವಿರಲಿಲ್ಲ.

ಒಂದು ವಿಷಯದಲ್ಲಿ ಸುಪುತ್ರನನ್ನು ಮೆಚ್ಚಲೇಬೇಕು. ಗ್ಯಾಸ್ ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿ ಮುಚ್ಚುತ್ತೇವೆ, ಕಾಣುವುದೇ ಇಲ್ಲ ಎಂದು ಷೋರೂಮಿನವರು ಹೆಮ್ಮೆಯಿಂದ ಹೇಳಿದಾಗ ಅವನು ಒಪ್ಪಲಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಮುಚ್ಚಿದ ಗೂಡಿನಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು. ನೆಲದ ಮಟ್ಟದಲ್ಲೇ ಗಾಳಿಕಿಂಡಿ ಬೇಕು ಎಂದು ಪಟ್ಟು ಹಿಡಿದು ಗೆದ್ದ. ಇಡೀ ಎಕ್ಸೆಲ್ ಹಾಳೆಯಲ್ಲಿ ಅಮ್ಮನ ಜೀವಕ್ಕೆ ಸಂಬಂಧಿಸಿದ ಸಾಲು ಅದೊಂದೇ. ಅದನ್ನು ಅವನು ಸರಿಯಾಗಿಯೇ ಬರೆದಿದ್ದ.

ಚಿಮಣಿಯ ವಿಚಾರಕ್ಕೆ ಬಂದಾಗ ಮತ್ತೆ ದಾರಿ ತಪ್ಪಿತು. ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುವ ಯಂತ್ರ. ಆ ಕೋಣೆಯಲ್ಲಿ ಇರುವ ಗಾಳಿಯೇ ಸುಮಾರು 22 ಘನ ಮೀಟರ್. ಗಂಟೆಗೆ ಐವತ್ತು ಸಲಕ್ಕಿಂತ ಹೆಚ್ಚು ಇಡೀ ಅಡುಗೆಮನೆಯ ಗಾಳಿ ಬದಲಾಗುತ್ತದೆ ಎಂದು ಸುಪುತ್ರ ಸಂಭ್ರಮಪಟ್ಟ. "ಹಾಗಾದ್ರೆ ಮೆಂತ್ಯ ಹುರಿದದ್ದು ಆಯ್ತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಹುಳಿಪುಡಿಗೆ ಧನಿಯ, ಮೆಂತ್ಯ, ಮೆಣಸಿನಕಾಯಿ ಹುರಿಯುವಾಗ ಅಮ್ಮನಿಗೆ ಗಡಿಯಾರ ಮೂಗು. ಮೆಂತ್ಯದ ಘಮ ಒಂದು ಹಂತ ದಾಟಿದರೆ ಪುಡಿ ಕಹಿ. ಇದಕ್ಕೆ ಎಕ್ಸೆಲ್ಲಿನಲ್ಲಿ ಕಾಲಮ್ ಇರಲಿಲ್ಲ.

ನಲವತ್ತೇಳನೇ ನಕ್ಷೆ ತಯಾರಾದ ಮೇಲೆ ಅಮ್ಮನನ್ನು ಗುಂಪಿಗೆ ಸೇರಿಸಿದರು. ಮೊದಲ ಸಂದೇಶ: ಗುಲಾಬಿ ಹೂವು, ಶುಭೋದಯ. ಎರಡನೆಯದು: "ಮಿಕ್ಸಿ ಪ್ಲಗ್ಗು ಸಿಂಕಿನ ಪಕ್ಕ ಬೇಡ." ಇದಕ್ಕೆ ನಾಲ್ಕು ಹೆಬ್ಬೆರಳು ಬಂದವು.

ಕೆಲಸ ಯಾವಾಗ ಶುರು? ಜುಲೈನಲ್ಲಿ, 21 ದಿನ ಎಂದಿತ್ತು ಸುಪುತ್ರನ ಚಾರ್ಟು. ಅಪ್ಪ ಪಂಚಾಂಗ ತೆರೆದರು. ಜುಲೈ ಅಂದರೆ ಆಷಾಢ, ಮೊಳೆಯೂ ಹೊಡೆಯುವ ಹಾಗಿಲ್ಲ. ಶ್ರಾವಣದಲ್ಲಿ ವಾರಕ್ಕೊಂದು ಹಬ್ಬ, ಅಡುಗೆಮನೆ ಬಿಟ್ಟುಕೊಡುವುದು ಹೇಗೆ? ಭಾದ್ರಪದದಲ್ಲಿ ಗೌರಿ ಗಣೇಶ ಮುಗಿದರೆ ಪಿತೃಪಕ್ಷ. ಅದಾದರೆ ದಸರೆ, ಮೈಸೂರಿನಲ್ಲಿ ಮನೆ ಇದ್ದ ತಪ್ಪಿಗೆ ಹತ್ತು ದಿನ ಹದಿನಾಲ್ಕು ನೆಂಟರು, ಜೊತೆಗೆ ಬೊಂಬೆ ಬಾಗಿನಕ್ಕೆ ಬರುವ ಕೇರಿ ಮಕ್ಕಳು. ದೀಪಾವಳಿಗೆ ರಾಜಸ್ಥಾನದ ಬಡಗಿಗಳು ಊರಿಗೆ ಹೋಗುತ್ತಾರೆ, ಬರುವುದು ಅವರಿಗೆ ನೆನಪಾದಾಗ. ಆಮೇಲೆ ಧನುರ್ಮಾಸ. ಅದು ಕಳೆಯುವ ಮೊದಲೇ ಸಂಕ್ರಾಂತಿಗೆಂದು ವಾರಗಟ್ಟಲೆ ಬೆಲ್ಲ ಕೊಬ್ಬರಿ ಹೆಚ್ಚುವ ಕೆಲಸ. ಶಿವರಾತ್ರಿ ದಾಟಿ ಬಿಸಿಲು ಬಲಿತರೆ ಹಪ್ಪಳ, ಸಂಡಿಗೆ, ಬೆನ್ನಿಗೇ ಉಪ್ಪಿನಕಾಯಿ, ಅಷ್ಟರಲ್ಲಿ ಮೊಮ್ಮಕ್ಕಳಿಗೆ ರಜ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದ ಗಾಂಭೀರ್ಯದಲ್ಲಿ ಅಪ್ಪ ಹನ್ನೆರಡೂ ತಿಂಗಳು ಜಾಲಾಡಿ, ಮಾಘದಲ್ಲಿ ಮೂರು ವಾರ ಮಂಜೂರು ಮಾಡಿದರು. ಷರತ್ತು ಒಂದೇ: ಏನೇ ಒಡೆಯಲಿ, ಬೆಳಿಗ್ಗೆ ಆರಕ್ಕೆ ಫಿಲ್ಟರ್ ಕಾಫಿ ತಪ್ಪಬಾರದು.

ಒಡೆಯಲು ಬಂದ ಗಾರೆ ಮೇಸ್ತ್ರಿ ಮೊದಲು ರಸಮಟ್ಟ ಇಟ್ಟು, ಮೂಲೆಮಟ್ಟ ಹಿಡಿದು, "ಸಾರ್, ಈ ಗೋಡೆ ಮೂಲೆಗೆ ಸರಿ ಇಲ್ಲ, ಆ ಕಡೆ ಎರಡಿಂಚು ಓಡ್ಬಿಟ್ಟಿದೆ" ಎಂದ. ಲೇಸರ್ ಮೂರು ಸಲ ಮೂರು ಲೆಕ್ಕ ಕೊಟ್ಟದ್ದು ಯಾಕೆಂದು ಆಗ ತಿಳಿಯಿತು. ಆಮೇಲೆ ಅವನು ಕಡಪ ಕಲ್ಲನ್ನು ಮುರಿಯದೆ ಎಬ್ಬಿಸಿ, ಹಿತ್ತಿಲಲ್ಲಿ ಶೀಟು ಹಾಕಿದ ಜಾಗಕ್ಕೆ ಹೊರಿಸಿದ. ಕೆಲಸ ಮುಗಿಯುವ ತನಕ ಅಮ್ಮನಿಗೆ ಅಲ್ಲೊಂದು ತಾತ್ಕಾಲಿಕ ಕಟ್ಟೆ ಬೇಕಲ್ಲ. ಎರಡು ಸಾಲು ಇಟ್ಟಿಗೆ ಏರಿಸುತ್ತಾ ನಿಲ್ಲಿಸಿ ಕೇಳಿದ:

"ಅಮ್ಮಾವ್ರೇ, ಇಲ್ಲಿ ನಿಂತ್ಕೊಳಿ. ತರಕಾರಿ ಹೆಚ್ಚೋ ಹಾಗೆ ಕೈ ಇಡಿ."

ಅಮ್ಮ ಕೈ ಇಟ್ಟರು. ಅವನು ಇಟ್ಟಿಗೆ ಚೂರಿನಿಂದ ಗೋಡೆಗೆ ಗೆರೆ ಎಳೆದ. 31 ಇಂಚು. ಮೊಣಕೈಗಿಂತ ನಾಲ್ಕಾರು ಇಂಚು ಕೆಳಗೆ ಕಟ್ಟೆ ಇರಬೇಕೆಂದು ಪುಸ್ತಕಗಳು ಹೇಳುವುದೂ ಅದನ್ನೇ. ನಾಲ್ಕಡಿ ಹತ್ತಿಂಚಿನ ಅಮ್ಮನನ್ನು ಆ ಮನೆಯಲ್ಲಿ ಯಾರಾದರೂ ಅಳೆದದ್ದು ಅದೇ ಮೊದಲು.

21 ದಿನದ ಕೆಲಸ 64 ದಿನಕ್ಕೆ ಮುಗಿಯಿತು. ಹಪ್ಪಳದ ಬಿಸಿಲೂ ಮಾವಿನಕಾಯಿಯೂ ಹಿತ್ತಿಲಲ್ಲೇ ಬಂದುಹೋದವು. ಹೊಸ ಅಡುಗೆಮನೆ ನಿಜಕ್ಕೂ ಚೆಂದ. ಕಟ್ಟೆ 34 ಇಂಚು, ಅದೇ ಎಲ್ಲ ಕಡೆ ಇರುವ ಅಳತೆ. ಅದರ ಮೇಲೆ ಐದಿಂಚಿನ ಒಲೆ, ಒಲೆಯ ಮೇಲೆ ಒಂಬತ್ತಿಂಚಿನ ಹುಳಿ ಪಾತ್ರೆ, ಕೂಡಿದರೆ 48. ಪಾತ್ರೆಯ ಅಂಚು ಅಮ್ಮನ ಭುಜಕ್ಕೆ ಬಂತು. ಹುಳಿ ಕುದಿಯಿತೋ ಇಲ್ಲವೋ ನೋಡಲು ಅವರು ಮಣೆ ಹತ್ತಬೇಕು. ಡ್ರಾಯರಿನಲ್ಲಿ ಚಮಚ, ಫೋರ್ಕು, ಚಾಕುಗಳಿಗೆ ಬೇರೆ ಬೇರೆ ಮನೆ ಮಾಡಿದ್ದರು. ಇಕ್ಕಳ, ಲಟ್ಟಣಿಗೆ, ಕಡಗೋಲುಗಳಿಗೆ ವಸತಿ ಸಿಗಲಿಲ್ಲ. ಮುದ್ದೆಯ ಕೋಲನ್ನು ಕೇಳುವವರೇ ಇಲ್ಲ. ಹಿಟ್ಟಿನ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲನ್ನು ಕಾಲಲ್ಲಿ ಮೆಟ್ಟಿ, ಮೇಲಿಂದ ಮೈಭಾರ ಬಿಟ್ಟು ತೊಳಸಿದರೇ ಗಂಟಿಲ್ಲದ ಮುದ್ದೆ. ಇಟಲಿ ಮಾದರಿಯ ಟೈಲ್ಸಿನ ಮೇಲೆ ಪಾತ್ರೆ ಜಾರಿಕೊಂಡು ಫ್ರಿಜ್ಜಿನ ತನಕ ಹೋಯಿತು. ತಂತಿ ಬುಟ್ಟಿಗಳನ್ನು ಎಳೆದು ನೋಡಿದ ಕೆಲಸದಾಕೆ, "ಅಣ್ಣ, ಇದ್ರ ಸಂದಿಯೆಲ್ಲ ಯಾರು ಉಜ್ಜೋದು?" ಎಂದು ಕೇಳಿದಳು. ದಿನಾ ಅಲ್ಲಿ ದುಡಿಯುವ ಇಬ್ಬರಲ್ಲಿ ಆಕೆ ಒಬ್ಬಳು. ಅವಳನ್ನು ಯಾವ ಗುಂಪಿಗೂ ಸೇರಿಸಿರಲಿಲ್ಲ. ಮಿಕ್ಸಿ ಪ್ಲಗ್ಗು ಸಿಂಕಿನ ಪಕ್ಕದಲ್ಲೇ ಬಂದಿತ್ತು.

ಗೃಹಪ್ರವೇಶದಂತೆ ಹಾಲು ಉಕ್ಕಿಸಿದ ಫೋಟೊ ನ್ಯೂಜೆರ್ಸಿಗೆ ಹೋಯಿತು. ತಂಗಿ ಅತ್ತಳಂತೆ.

ಮುಂದಿನ ತಿಂಗಳ ಶನಿವಾರ ಸುಪುತ್ರ ಬಂದಾಗ ಹೊಸ ಅಡುಗೆಮನೆ ಮೊದಲ ದಿನದಷ್ಟೇ ಫಳಫಳ ಹೊಳೆಯುತ್ತಿತ್ತು. ಬಾಗಿಲುಗಳ ಪ್ಲಾಸ್ಟಿಕ್ ಹಾಳೆ ಕಿತ್ತಿರಲಿಲ್ಲ, ಡ್ರಾಯರುಗಳಲ್ಲಿ ಪೇಪರ್ ಹಾಸಿತ್ತು. ಮ್ಯಾಜಿಕ್ ಕಾರ್ನರ್ ಎಂದು ಎಂಬತ್ತು ಸಲ ವಿಡಿಯೊ ನೋಡಿ ಹಾಕಿಸಿದ್ದ ಮೂಲೆಗೂಡನ್ನು ಎಳೆದ. ಹತ್ತಿ ಸುತ್ತಿದ ಪಟ್ಟದ ಬೊಂಬೆಗಳು ರಾಜಠೀವಿಯಿಂದ ಹೊರಬಂದವು. "ಅಟ್ಟ ಹತ್ತೋದು ತಪ್ತು ನೋಡು, ಬಹಳ ಒಳ್ಳೇದಾಯ್ತು" ಎಂಬ ದನಿ ಹಿತ್ತಿಲಿಂದ ಬಂತು. ಅಪ್ಪ ಎತ್ತರದ ಗೂಡಿನಲ್ಲಿ ಮನೆ ಕಟ್ಟಿದಾಗಿನಿಂದ ಇಟ್ಟ ಕರೆಂಟ್ ಬಿಲ್ಲುಗಳ ಫೈಲು ಜೋಡಿಸಿದ್ದರು.

ಹಿತ್ತಿಲ ಶೀಟಿನ ಕೆಳಗೆ, ಕಡಪ ಕಲ್ಲಿನ ಮುಂದೆ ಅಮ್ಮ ನಿಂತಿದ್ದರು. ಹಳೆಯ ಒಲೆ, ಕೈಗೆ ಸಿಗುವ ಕರಿಬೇವಿನ ಗಿಡ, ಕಾಂಪೌಂಡಿನಾಚೆ ಪಕ್ಕದ ಮನೆಯಾಕೆ. ಗೋಡೆಯ ಮೇಲೆ ಇಟ್ಟಿಗೆ ಚೂರಿನ ಗೆರೆ ಇನ್ನೂ ಮಾಸಿರಲಿಲ್ಲ. ಸುಪುತ್ರ ಎರಡು ನಿಮಿಷ ಸುಮ್ಮನೆ ನಿಂತು ಶೀಟನ್ನು ನೋಡಿದ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿದ. ಕೈ ತಾನಾಗಿ ಜೇಬಿಗೆ ಹೋಯಿತು. ಕೆಂಪು ಚುಕ್ಕೆ ಕರಿಬೇವಿನ ಎಲೆಯ ಮೇಲೆ ಬಿತ್ತು.

"ಅಮ್ಮ, ಇಲ್ಲೊಂದು ಸಣ್ಣ ಯುಟಿಲಿಟಿ ಯೂನಿಟ್..."

"ಆ ಕಡೆ ಸರಿಯೋ, ಸಾಸಿವೆ ಸಿಡಿಯತ್ತೆ."